ಮನೆಯ ಗೋಡೆಗಳೂ ಮನೆಯ ಸಂಗೀತವೂ

ಬೆಂಗಳೂರಿನ ಹೊಸ ಬಡಾವಣೆಯೊಂದರಲ್ಲಿ ವಾಸವಾಗಿರುವ ಗೃಹಸ್ಥರೊಬ್ಬರು ಈ ಪುಟಕ್ಕೆ ಬರೆದಿರುವ ಕಾಗದದ ಸಾರಾಂಶವಿದು. ಅವರು ಒಂದು ಜೊತೆ ಒಳ್ಳೆಯ ಸ್ಪೀಕರುಗಳನ್ನೂ ಅವಕ್ಕೆ ತಕ್ಕ ಸ್ಟೀರಿಯೋ ಯಂತ್ರವನ್ನೂ ಕೊಂಡು ತಂದರು. ಅಂಗಡಿಯಲ್ಲಿ ಕೇಳಿದಾಗ ಗಾಯಕರು ಎದುರಿಗೇ ಕುಳಿತು ಹಾಡುತ್ತಿರುವಂತೆ ತೋರಿದ ಧ್ವನಿಯು, ಮನೆಯ ಹಾಲಿನಲ್ಲಿ ತಾಮ್ರದ ಹಂಡೆಯೊಳಗಿನಿಂದ ಹೊರಟಂತೆ ಕೇಳಿಬರುತ್ತಿದೆ. ಮೃದಂಗದ ಎಡಮುಖದ ಪೆಟ್ಟುಗಳೆಲ್ಲವೂ ಕೂಡಿ ಒಂದೇ ಮೊಳಗಾಗಿವೆ. ಮನೆಯಲ್ಲಿರುವ ವೃದ್ಧ ತಾಯಿಯವರು, ಹಾಡಿನ ಒಂದು ಮಾತೂ ತಿಳಿಯುವುದಿಲ್ಲವೆಂದು ಹೇಳಿ ಎದ್ದು ಒಳಗೆ ಹೋಗುತ್ತಾರೆ. ಧ್ವನಿಯನ್ನು ಏರಿಸಿದರೆ ಪಕ್ಕದ ಮನೆಯವರ ಆಕ್ಷೇಪಣೆ. ಅಂಗಡಿಯವರನ್ನು ವಿಚಾರಿಸಿದುದಕ್ಕೆ, ಇನ್ನೂ ದೊಡ್ಡ ಸ್ಪೀಕರುಗಳನ್ನು ಕೊಳ್ಳಬೇಕೆಂಬ ಉತ್ತರವು ಬಂದಿತು. ಕೊಳ್ಳಬಹುದೆ ಎಂಬುದು ಇವರ ಪ್ರಶ್ನೆ.

ಕೊಳ್ಳಬಾರದೆಂಬುದೇ ನಮ್ಮ ಉತ್ತರ. ದೋಷವಿರುವುದು ಯಂತ್ರದಲ್ಲಲ್ಲ, ಕೋಣೆಯಲ್ಲಿ. ಈ ಮಹನೀಯರು ತಮ್ಮ ಹಾಲಿನ ಅಳತೆಯನ್ನೂ ಬರೆದು ಕಳುಹಿಸಿರುವುದರಿಂದ ವಿಚಾರಮಾಡುವುದಕ್ಕೆ ಬಹಳ ಅನುಕೂಲವಾಯಿತು. ಉದ್ದ ೧೨ ಅಡಿ, ಅಗಲ ೧೨ ಅಡಿ, ಎತ್ತರ ೧೦ ಅಡಿ. ನೆಲಕ್ಕೆ ಮುಖ ಕಾಣುವಂತೆ ಹೊಳೆಯುವ ಟೈಲುಗಳು, ನಾಲ್ಕು ಕಡೆಯೂ ಗಾರೆ ಮಾಡಿ ಬಣ್ಣ ಬಳಿದ ಗೋಡೆಗಳು, ಮೇಲೆ ಕಾಂಕ್ರೀಟಿನ ತಾರಸಿ, ಕಿಟಕಿಗಳಿಗೆ ಗಾಜು. ಗುಡಿಸಿ ಒರೆಸುವುದಕ್ಕೆ ಇದಕ್ಕಿಂತ ಸುಲಭವಾದ ಕೋಣೆಯಿಲ್ಲ. ಸಂಗೀತವನ್ನು ಕೇಳುವುದಕ್ಕೆ ಇದಕ್ಕಿಂತ ಕಷ್ಟವಾದುದೂ ಇಲ್ಲ. ನಮ್ಮ ಪಟ್ಟಣಗಳಲ್ಲಿ ಈಗ ಏಳುತ್ತಿರುವ ಮನೆಗಳ ಹಾಲುಗಳು ಬಹುಮಟ್ಟಿಗೆ ಈ ಮಾದರಿಯವೇ ಆದುದರಿಂದ, ಒಬ್ಬರ ಪ್ರಶ್ನೆಗೆ ಹೇಳುವ ಉತ್ತರವು ಹಲವರಿಗೆ ಉಪಯೋಗವಾದೀತೆಂದು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇವೆ.

ಸ್ಪೀಕರಿನಿಂದ ಹೊರಟ ಧ್ವನಿಯು ನೇರವಾಗಿ ನಮ್ಮ ಕಿವಿಗೆ ಬಂದು ಅಲ್ಲಿಗೇ ಮುಗಿದುಹೋಗುವುದಿಲ್ಲ. ಅದು ಎಲ್ಲ ದಿಕ್ಕಿಗೂ ಹರಡಿ, ಗೋಡೆಗೆ ತಗುಲಿ ಹಿಂದಿರುಗಿ, ಎದುರುಗೋಡೆಗೆ ಹೋಗಿ, ಅಲ್ಲಿಂದ ತಾರಸಿಗೆ ಏರಿ, ನೆಲಕ್ಕಿಳಿದು, ಹೀಗೆ ಸುತ್ತುತ್ತಲೇ ಇರುವುದು. ಮೆತ್ತನೆಯ ವಸ್ತುವಿಗೆ ತಗುಲಿದಾಗ ಅದರ ಶಕ್ತಿಯು ಕುಗ್ಗುವುದು. ಕಲ್ಲು, ಗಾರೆ, ಗಾಜುಗಳಿಗೆ ತಗುಲಿದಾಗ ಬಹುಪಾಲು ಹಾಗೆಯೇ ಹಿಂದಿರುಗುವುದು. ಬಿಜಾಪುರದ ಗೋಳಗುಮ್ಮಟವನ್ನು ನೋಡಿ ಬಂದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಅಲ್ಲಿ ಒಂದು ಸಾರಿ ಚಪ್ಪಾಳೆ ತಟ್ಟಿದರೆ ಹಲವು ಸಾರಿ ಮರಳಿ ಕೇಳುವುದು, ಮಕ್ಕಳಿಗೆ ಪರಮಾನಂದ. ಆದರೆ ಅಲ್ಲಿ ಕುಳಿತು ಒಂದು ಕೀರ್ತನೆಯ ಸಾಹಿತ್ಯವನ್ನು ಕೇಳಿ ತಿಳಿಯಬೇಕೆಂದರೆ ಆಗದ ಮಾತು. ನಮ್ಮ ಹೊಸ ಹಾಲುಗಳು ಸಣ್ಣ ಪ್ರಮಾಣದ ಗುಮ್ಮಟಗಳೇ ಸರಿ.

ಹೀಗೆ ಕೋಣೆಯಲ್ಲಿ ಉಳಿದು ಸುತ್ತುವ ಧ್ವನಿಯನ್ನು ಅನುರಣನವೆಂದು ಕರೆಯೋಣ. ಇದನ್ನು ಮೊದಲು ಅಳತೆಗೆ ಸಿಕ್ಕಿಸಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ವಾಲೇಸ್ ಸ್ಯಾಬಿನ್ ಎಂಬ ವಿದ್ವಾಂಸರು. ೧೮೯೫ರಲ್ಲಿ ಅಲ್ಲಿ ಹೊಸದಾಗಿ ಕಟ್ಟಿದ್ದ ಫಾಗ್ ಕಲಾಶಾಲೆಯ ಉಪನ್ಯಾಸ ಮಂದಿರದಲ್ಲಿ ಉಪನ್ಯಾಸಕರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಶಬ್ದವು ಹೊರಟು ಪೂರ್ತಿಯಾಗಿ ಅಡಗುವುದಕ್ಕೆ ಸುಮಾರು ಐದೂವರೆ ಸೆಕೆಂಡು ಹಿಡಿಯುತ್ತಿತ್ತು. ಸ್ಯಾಬಿನ್ನರು ರಾತ್ರಿಯ ನಿಶ್ಶಬ್ದದಲ್ಲಿ ಹತ್ತಿರದ ಸ್ಯಾಂಡರ್ಸ್ ನಾಟಕಶಾಲೆಯ ಪೀಠಗಳ ಮೆತ್ತೆಗಳನ್ನು ಹೊರಿಸಿ ತಂದು, ಒಂದೊಂದಾಗಿ ಹಾಸಿ, ಆರ್ಗನ್ನಿನ ಕೊಳವೆಯೊಂದನ್ನು ನುಡಿಸಿ ನಿಲ್ಲಿಸಿ, ಧ್ವನಿಯು ಅಡಗುವ ಕಾಲವನ್ನು ಗಡಿಯಾರದಿಂದ ಅಳೆದರು. ತಾವು ತೊಟ್ಟ ಉಡುಪು ಬದಲಾದರೆ ಲೆಕ್ಕವೂ ಬದಲಾಗುವುದೆಂಬುದನ್ನು ಕೂಡ ಅವರು ಕಂಡುಕೊಂಡರು! ಬೆಳಗಾಗುವುದರೊಳಗೆ ಮೆತ್ತೆಗಳನ್ನೆಲ್ಲ ಸ್ವಸ್ಥಾನಕ್ಕೆ ಸೇರಿಸಬೇಕಾಗಿದ್ದಿತು. ಈ ತಾಳ್ಮೆಯ ಫಲವಾಗಿ ದೊರೆತ ಸೂತ್ರವನ್ನು ಲೋಕವು ಇಂದಿಗೂ ಬಳಸುತ್ತಿದೆ. ೧೯೦೦ರಲ್ಲಿ ತೆರೆದ ಬಾಸ್ಟನ್ನಿನ ಸಂಗೀತಮಂದಿರವನ್ನು ಅದರ ಆಧಾರದ ಮೇಲೆಯೇ ಕಟ್ಟಿದರು.

ಸೂತ್ರವು ಕಠಿಣವಾದುದಲ್ಲ. ತೆರೆದ ಕಿಟಕಿಯೇ ಅಳತೆಯ ಕೋಲು. ಏಕೆಂದರೆ ಅದರ ಮೂಲಕ ಹೊರಗೆ ಹೋದ ಧ್ವನಿಯು ಹಿಂದಿರುಗುವುದಿಲ್ಲ. ಕೋಣೆಯಲ್ಲಿರುವ ಪ್ರತಿಯೊಂದು ವಸ್ತುವೂ ಎಷ್ಟು ಚದರ ಅಡಿ ತೆರೆದ ಕಿಟಕಿಗೆ ಸಮವೆಂದು ಕೂಡಿಸಬೇಕು. ಕೋಣೆಯ ಘನ ಅಡಿಗಳನ್ನು ೦.೦೪೯ರಿಂದ ಗುಣಿಸಿ ಆ ಮೊತ್ತದಿಂದ ಭಾಗಿಸಿದರೆ ಅನುರಣನದ ಕಾಲವು ಸೆಕೆಂಡುಗಳಲ್ಲಿ ಬರುವುದು. ನಮ್ಮ ಗೃಹಸ್ಥರ ಹಾಲು ೧,೪೪೦ ಘನ ಅಡಿ. ಅದರ ಗೋಡೆ, ನೆಲ, ತಾರಸಿಗಳೆಲ್ಲ ಸೇರಿ ೭೬೮ ಚದರ ಅಡಿ. ಗಾರೆ ಮತ್ತು ಟೈಲುಗಳು ತಮಗೆ ತಗುಲಿದ ಧ್ವನಿಯಲ್ಲಿ ನೂರಕ್ಕೆ ಎರಡು ಮೂರು ಪಾಲನ್ನು ಮಾತ್ರ ಹೀರುವುದರಿಂದ, ಇಷ್ಟು ದೊಡ್ಡ ಕೋಣೆಯು ಕೇವಲ ಸುಮಾರು ೨೦ ಚದರ ಅಡಿ ಕಿಟಕಿಗೆ ಸಮವಾಯಿತು. ಭಾಗಿಸಿ ನೋಡಿದರೆ ಬರಿಯ ಕೋಣೆಗೆ ಮೂರೂವರೆ ಸೆಕೆಂಡು! ಮನೆಯಲ್ಲಿ ಸಂಗೀತ ಕೇಳುವುದಕ್ಕೆ ಅರ್ಧ ಸೆಕೆಂಡಿನ ಸುಮಾರಿನಲ್ಲಿದ್ದರೆ ಹಿತ.

ಮಾತನಾಡುವಾಗ ನಾವು ಸೆಕೆಂಡಿಗೆ ನಾಲ್ಕೈದು ಅಕ್ಷರಗಳನ್ನು ಉಚ್ಚರಿಸುತ್ತೇವೆ. ಮೂರೂವರೆ ಸೆಕೆಂಡಿನ ಕೋಣೆಯಲ್ಲಿ ಹದಿನೈದು ಅಕ್ಷರಗಳಷ್ಟು ಹಿಂದಿನ ಶೇಷವು ಈಗಿನ ಅಕ್ಷರದ ಮೇಲೆ ಕವಿದಿರುವುದು. ಸ್ವರಗಳು ಬಲವಾದುವು, ವ್ಯಂಜನಗಳು ದುರ್ಬಲ; ಹಿಂದಿನ ಆಕಾರ ಓಕಾರಗಳ ಗದ್ದಲದಲ್ಲಿ ಮುಂದಿನ ತಕಾರ ಸಕಾರಗಳು ಮುಳುಗಿಹೋಗುವುವು. ವಯಸ್ಸಾದವರಿಗೆ ಮೊದಲು ಕುಂದುವುದು ಈ ತೀಕ್ಷ್ಣವಾದ ಧ್ವನಿಗಳನ್ನು ಗ್ರಹಿಸುವ ಶಕ್ತಿಯೇ. ಗೊಂದಲದ ನಡುವೆ ಮಾತನ್ನು ಹೆಕ್ಕಿ ತೆಗೆಯುವುದೂ ಅವರಿಗೆ ಎಳೆಯರಿಗಿಂತ ಹೆಚ್ಚು ಶ್ರಮ. ಆ ತಾಯಿಯವರು ಎದ್ದು ಹೋಗುವುದು ಸಂಗೀತದಲ್ಲಿ ಆಸಕ್ತಿ ತಪ್ಪಿದುದರಿಂದಲ್ಲ, ಆ ಹಾಲಿನಲ್ಲಿ ಅವರಿಗೆ ಕೇಳಿಸಲು ಸಾಧ್ಯವಿಲ್ಲದುದರಿಂದ. ಮೊಮ್ಮಕ್ಕಳ ಮಾತೂ ಬಂದ ನೆಂಟರ ಸಂಭಾಷಣೆಯೂ ಅವರಿಗೆ ಅಲ್ಲಿ ಹೀಗೆಯೇ ಕಲೆಸಿ ಕೇಳುತ್ತಿರಬೇಕು. ವೃದ್ಧರು ಇತ್ತೀಚೆಗೆ ಮಾತು ಕಡಿಮೆ ಮಾಡಿದ್ದಾರೆ, ಒಬ್ಬರೇ ಕೂರುತ್ತಾರೆ ಎಂದು ಹೇಳುವ ಮನೆಗಳಲ್ಲಿ ಕಿವಿಯ ವೈದ್ಯರನ್ನು ಕಾಣುವುದು ಅವಶ್ಯವೇ. ಜೊತೆಗೆ ಹಾಲಿನ ಮಧ್ಯೆ ನಿಂತು ಒಮ್ಮೆ ಚಪ್ಪಾಳೆಯನ್ನೂ ತಟ್ಟಿ ನೋಡಬೇಕು. ‘ಟರ್‍ರ್’ ಎಂದು ಗೋಡೆಯಿಂದ ಗೋಡೆಗೆ ನಡುಗುವ ಶಬ್ದವು ಕೇಳಿದರೆ ಅರ್ಧ ತಪ್ಪು ಗೋಡೆಯದು.

ಧ್ವನಿಯನ್ನು ಏರಿಸುವುದರಿಂದ ಏಕೆ ಪ್ರಯೋಜನವಿಲ್ಲವೆಂಬುದೂ ಇದರಿಂದ ತಿಳಿಯುವುದು. ಹಾಡನ್ನು ಎರಡರಷ್ಟು ಮಾಡಿದರೆ ಗೋಡೆಗಳ ಗದ್ದಲವೂ ಎರಡರಷ್ಟಾಗುವುದು. ಇಂತಹ ಬರಿಯ ಕೋಣೆಯಲ್ಲಿ ಸ್ಪೀಕರಿನಿಂದ ಒಂದು ಮೊಳ ದೂರ ಬರುವಷ್ಟರಲ್ಲಿಯೇ ನೇರವಾಗಿ ಬಂದ ಧ್ವನಿಗೂ ಗೋಡೆಗಳಿಂದ ಬಂದುದಕ್ಕೂ ಸಮಸಮವಾಗಿ, ಅದಕ್ಕಿಂತ ದೂರದಲ್ಲಿ ಕುಳಿತವರು ಹೆಚ್ಚಾಗಿ ಕೇಳುವುದು ಗೋಡೆಗಳನ್ನೇ. ಆದುದರಿಂದ ಕಾಸು ಖರ್ಚಿಲ್ಲದ ಮೊದಲನೆಯ ಉಪಾಯವೆಂದರೆ ಹತ್ತಿರ ಕುಳಿತು, ಧ್ವನಿಯನ್ನು ಇಳಿಸಿ ಕೇಳುವುದು. ಇದು ನಗೆಗೀಡಾಗುವಷ್ಟು ಸರಳವಾಗಿ ಕಂಡರೂ ನೂರಾರು ರೂಪಾಯಿಯ ತಂತಿಗಳಿಗಿಂತ ಹೆಚ್ಚಿನ ಗುಣವನ್ನು ಕೊಡುವುದು.

ಸ್ಟೀರಿಯೋ ಎಂಬುದರ ಉದ್ದೇಶವನ್ನು ಇಲ್ಲಿ ಒಂದು ಮಾತಿನಲ್ಲಿ ನೆನೆಯಬೇಕು. ಇಂಗ್ಲೆಂಡಿನ ಅಲನ್ ಬ್ಲೂಮ್‌ಲೈನ್ ಎಂಬ ಇಂಜಿನಿಯರರು ೧೯೩೧ರ ಡಿಸೆಂಬರಿನಲ್ಲಿ ಇದಕ್ಕಾಗಿ ಪೇಟೆಂಟಿಗೆ ಅರ್ಜಿ ಹಾಕಿದರು. ಚಲನಚಿತ್ರದಲ್ಲಿ ನಟನು ತೆರೆಯ ಒಂದು ಕೊನೆಯಲ್ಲಿದ್ದರೂ ಅವನ ಮಾತು ಇನ್ನೆಲ್ಲಿಂದಲೋ ಬರುತ್ತಿದ್ದುದೇ ಅವರಿಗೆ ಪ್ರೇರಣೆಯಾಯಿತೆಂದು ಪ್ರಸಿದ್ಧಿ. ಎಡಗಡೆಯ ಶಬ್ದವು ಎಡಗಿವಿಗೆ ಬಲಗಿವಿಗಿಂತ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಕಾಲದಷ್ಟು ಮುಂಚೆ ಬರುವುದು. ಆ ಅತ್ಯಲ್ಪ ಅಂತರದಿಂದಲೇ ನಾವು ದಿಕ್ಕನ್ನು ತಿಳಿಯುತ್ತೇವೆ. ಇಷ್ಟು ಸೂಕ್ಷ್ಮವಾದ ವ್ಯವಹಾರಕ್ಕೆ ಎರಡು ಸ್ಪೀಕರುಗಳೂ ಸಮಾನ ಸ್ಥಿತಿಯಲ್ಲಿರಬೇಕಲ್ಲವೆ? ನಮ್ಮ ಮನೆಗಳಲ್ಲಾದರೋ ಒಂದು ಸ್ಪೀಕರು ಟೀವಿಯ ಪಕ್ಕದ ಮೂಲೆಯಲ್ಲಿಯೂ ಇನ್ನೊಂದು ದೇವರ ಕೋಣೆಯ ಬಾಗಿಲಿನ ಮೇಲಿನ ಹಲಗೆಯಲ್ಲಿಯೂ ವಿರಾಜಿಸುತ್ತಿರುವುವು.

ಮೊದಲು ತಂತಿಗಳನ್ನು ನೋಡಬೇಕು. ಯಂತ್ರದ ಕೆಂಪು ತಿರುಪಿನ ತಂತಿಯು ಎರಡು ಸ್ಪೀಕರುಗಳಲ್ಲಿಯೂ ಕೆಂಪು ತಿರುಪಿಗೇ ಸೇರಿರಬೇಕು. ಒಂದರಲ್ಲಿ ಅದಲುಬದಲಾಗಿದ್ದರೆ ಗಾಯಕರ ಧ್ವನಿಯು ನಡುವೆ ನಿಲ್ಲದೆ ಚದುರಿಹೋಗುವುದು, ಮಂದ್ರವು ಸೊರಗುವುದು. ಆಮೇಲೆ ಸ್ಥಾನ. ೧೨ ಅಡಿಯ ಈ ಹಾಲಿನಲ್ಲಿ ಸ್ಪೀಕರುಗಳನ್ನು ಹಿಂದಿನ ಗೋಡೆಯಿಂದ ೨ ಅಡಿ ಮುಂದಕ್ಕೂ ಪಕ್ಕದ ಗೋಡೆಗಳಿಂದ ೩ ಅಡಿ ಒಳಕ್ಕೂ ಇಟ್ಟರೆ ಅವೆರಡರ ನಡುವೆ ೬ ಅಡಿ ಉಳಿಯುವುದು. ಕೇಳುವವರು ಎರಡರಿಂದಲೂ ೬ ಅಡಿ ದೂರದಲ್ಲಿ ಕುಳಿತರೆ ಮೂರು ಬಾಹುಗಳೂ ಸಮನಾದ ತ್ರಿಕೋಣವಾಗುವುದು. ಸ್ಪೀಕರಿನ ಮೇಲುಭಾಗದ ಚಿಕ್ಕ ತಟ್ಟೆಯು ಕುಳಿತವರ ಕಿವಿಯ ಮಟ್ಟದಲ್ಲಿರಬೇಕು. ಬೆನ್ನ ಹಿಂದೆ ಆಗ ಸುಮಾರು ೫ ಅಡಿ ತೆರಪು ಇರುವುದು. ಇದು ಬಹಳ ಮುಖ್ಯ, ಕಾರಣವನ್ನು ಮುಂದೆ ಹೇಳುತ್ತೇವೆ. ಹಾಲಿನ ನಡುವೆ ಸೋಫಾವನ್ನು ತಂದು ನಿಲ್ಲಿಸಿದರೆ ಮನೆಯ ಓಡಾಟಕ್ಕೆ ಅಡ್ಡಿಯೆಂದು ಗೃಹಿಣಿಯರು ಹೇಳುವರು. ಆ ಮಾತು ನ್ಯಾಯವಾದುದೇ. ಹಾಲು ಎಲ್ಲರಿಗೂ ಸೇರಿದುದು, ಸಂಗೀತ ಕೇಳುವ ಒಬ್ಬರಿಗಲ್ಲ. ಕೇಳುವ ಒಂದು ಗಂಟೆಯ ಮಟ್ಟಿಗೆ ಎರಡು ಬೆತ್ತದ ಕುರ್ಚಿಗಳನ್ನು ಅಲ್ಲಿಗೆ ಎಳೆದುಕೊಂಡರೆ ಸಾಕು. ಸ್ಪೀಕರುಗಳನ್ನು ಕೂಡ ಹಗುರವಾದ ಮಣೆಗಳ ಮೇಲಿಟ್ಟು ಸರಿಸಿ, ಮತ್ತೆ ಗೋಡೆಗೆ ಒತ್ತಬಹುದು. ನೆಲದಲ್ಲಿ ಚಾಕಿನಿಂದ ಒಂದು ಗುರುತಿರಲಿ.

ಇನ್ನು ಪಕ್ಕದ ಗೋಡೆಗಳು. ಮೇಲಿನ ಅಳತೆಯಂತೆ ಕುಳಿತಾಗ ನೇರವಾದ ಧ್ವನಿಯು ೬ ಅಡಿ ನಡೆದು ಬಂದರೆ, ಗೋಡೆಗೆ ತಗುಲಿ ಬರುವುದು ಸುಮಾರು ಹತ್ತೂವರೆ ಅಡಿ ನಡೆದು, ಸೆಕೆಂಡಿನ ಸಾವಿರದಲ್ಲಿ ನಾಲ್ಕು ಪಾಲಿನಷ್ಟು ತಡವಾಗಿ ಸೇರುವುದು. ಕಿವಿಯು ಇದನ್ನು ಬೇರೆ ಧ್ವನಿಯೆಂದು ಗುರುತಿಸದೆ ಮೊದಲನೆಯದರಲ್ಲಿಯೇ ಬೆರಸಿಕೊಳ್ಳುವುದು. ಆದರೆ ಆ ಬೆರಕೆಯಿಂದ ಪಿಟೀಲಿನ ನಾದವು ಒರಟಾಗುವುದು, ಯಾರು ಎಲ್ಲಿ ಕುಳಿತಿದ್ದಾರೆಂಬ ಚಿತ್ರವು ಮಸಕಾಗುವುದು. ಈ ಧ್ವನಿಯು ತಗುಲುವ ಸ್ಥಳವನ್ನು ಕಂಡುಹಿಡಿಯಲು ಒಂದು ಕೈಗನ್ನಡಿ ಸಾಕು. ನೀವು ಕೇಳುವ ಸ್ಥಾನದಲ್ಲಿ ಕುಳಿತಿರಬೇಕು. ಮಗನೋ ಮಗಳೋ ಕನ್ನಡಿಯನ್ನು ಪಕ್ಕದ ಗೋಡೆಗೆ ಒತ್ತಿ ಹಿಡಿದು ಮೆಲ್ಲನೆ ಸರಿಸುತ್ತಾ ಹೋಗಬೇಕು. ಎಲ್ಲಿ ನಿಮಗೆ ಸ್ಪೀಕರಿನ ಪ್ರತಿಬಿಂಬವು ಕಾಣುವುದೋ ಅಲ್ಲಿಯೇ ಧ್ವನಿಯೂ ತಗುಲುವುದು. ಬೆಳಕಿಗೂ ಶಬ್ದಕ್ಕೂ ಈ ವಿಷಯದಲ್ಲಿ ಒಂದೇ ನಿಯಮ. ಮಕ್ಕಳಿಗೆ ಇದೊಂದು ಪಾಠವೂ ಆಗುವುದು, ಆಟವೂ ಆಗುವುದು. ಗೋಡೆಗಳ ಮೇಲೆ ಗುರುತಾದ ಆ ಸ್ಥಳಗಳಲ್ಲಿ ದಪ್ಪನೆಯ ಹೊದಿಕೆ ಬರಬೇಕು. ನೆಲದ ಮೇಲೆ, ಸ್ಪೀಕರಿಗೂ ಕುರ್ಚಿಗೂ ನಡುವೆ, ಜಮಖಾನ.

ಹೊದಿಕೆ ಎಂದೊಡನೆ ಎರಡು ಭ್ರಾಂತಿಗಳನ್ನು ಹೇಳಿಬಿಡಬೇಕು. ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನೂ ಥರ್ಮೋಕೋಲಿನ ಹಾಳೆಗಳನ್ನೂ ಗೋಡೆಗೆ ಅಂಟಿಸುವವರುಂಟು. ಮೊದಲನೆಯದು ತೀರ ತೆಳು. ಎರಡನೆಯದರಲ್ಲಿ ಗಾಳಿಯು ಒಳಹೊಕ್ಕು ಹೋಗಲು ದಾರಿಯಿಲ್ಲ. ಧ್ವನಿಯೆಂದರೆ ಗಾಳಿಯ ಓಲಾಟ. ಆ ಓಲಾಡುವ ಗಾಳಿಯು ಎಳೆಗಳ ನಡುವೆ ತೂರಿ ಉಜ್ಜಿಕೊಂಡರೆ ಮಾತ್ರ ಅದರ ಶಕ್ತಿಯು ಕಳೆಯುವುದು. ಬಟ್ಟೆಯನ್ನು ಬಾಯಿಗೆ ಒತ್ತಿ ಉಸಿರಾಡಿ ನೋಡಿರಿ. ಉಸಿರು ಸರಾಗವಾಗಿ ಹೋದರೆ ಅದು ಹೊದಿಕೆಗೆ ತಕ್ಕುದು. ಇನ್ನೊಂದು ವಿಷಯ: ಗೋಡೆಗೆ ತೀರ ಅಂಟಿಕೊಂಡ ಗಾಳಿಯು ಓಲಾಡಲಾರದು. ಆದುದರಿಂದ ಗೋಡೆಗೆ ಅಂಟಿಸಿದ ತೆಳುವಾದ ಬಟ್ಟೆಯಿಂದ ಪ್ರಯೋಜನವು ಅಲ್ಪ. ಅದೇ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ, ಗೋಡೆಯಿಂದ ನಾಲ್ಕಂಗುಲ ಮುಂದೆ ಇಳಿಬಿಟ್ಟರೆ ಗುಣವು ಎಷ್ಟೋ ಹೆಚ್ಚು.

ನಮ್ಮಲ್ಲಿ ದೊರೆಯುವ ಸಾಮಗ್ರಿಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಕುರಿಯ ಉಣ್ಣೆಯ ಕರಿಯ ಕಂಬಳಿಯನ್ನು ಎರಡು ಮೂರು ಮಡಿಕೆ ಮಾಡಿ ತೂಗುಹಾಕಬಹುದು. ಇನ್ನೂ ಉತ್ತಮವಾದುದೆಂದರೆ ಬಡಗಿಯಿಂದ ೪ ಅಡಿ ಉದ್ದ, ೨ ಅಡಿ ಅಗಲ, ೩ ಅಂಗುಲ ದಪ್ಪದ ಮರದ ಚೌಕಟ್ಟುಗಳನ್ನು ಮಾಡಿಸಿ, ಹಾಸಿಗೆ ಹೊಲಿಯುವವರಿಂದ ಹತ್ತಿಯನ್ನು ತುಂಬಿಸಿ, ಮೇಲೆ ಖಾದಿಯನ್ನು ಬಿಗಿದು, ಗೋಡೆಯಿಂದ ಎರಡಂಗುಲ ಬಿಟ್ಟು ತೂಗಿಸುವುದು. ಹತ್ತಿಯು ಬೆಂಕಿಗೆ ಬೇಗ ಸಿಕ್ಕುವುದರಿಂದ ದೀಪ ಊದುಬತ್ತಿಗಳ ಹತ್ತಿರ ಇಡಬಾರದು. ಹತ್ತಿಗೆ ಬದಲಾಗಿ ರಾಕ್‌ವುಲ್ ಎಂಬ ಕಲ್ಲುನಾರಿನ ಹಲಗೆಗಳನ್ನು ತುಂಬಿದರೆ ಆ ಭಯವಿಲ್ಲ. ಆದರೆ ಅದರ ಎಳೆಗಳು ಮೈಗೆ ತುರಿಕೆಯನ್ನು ಉಂಟುಮಾಡುವುದರಿಂದ ಬಟ್ಟೆಯಿಂದ ಚೆನ್ನಾಗಿ ಸುತ್ತಿರಬೇಕು.

ಈಗ ಸ್ಯಾಬಿನ್ನರ ಲೆಕ್ಕಕ್ಕೆ ಮರಳೋಣ. ಅರ್ಧ ಸೆಕೆಂಡಿಗೆ ಇಳಿಸಬೇಕಾದರೆ ನಮಗೆ ಬೇಕಾದುದು ಸುಮಾರು ೧೪೦ ಚದರ ಅಡಿ. ಕೋಣೆಯದೇ ೨೦, ತೆರೆದಿಟ್ಟ ಬಾಗಿಲೊಂದರಿಂದ ೨೦, ನಾಲ್ವರು ಕುಳಿತರೆ ಅವರಿಂದಲೇ ಹದಿನೆಂಟರಷ್ಟು, ಕಿಟಕಿಗಳ ಮೇಲೆ ಮಡಿಕೆಯ ದಪ್ಪ ಪರದೆಗಳಿಂದ ಇನ್ನೊಂದು ೨೦, ಅಡಿಯಲ್ಲಿ ನಾರಿನ ಚಾಪೆ ಹಾಕಿ ಮೇಲೆ ಹಾಸಿದ ದೊಡ್ಡ ಜಮಖಾನದಿಂದ ಇಪ್ಪತ್ತೈದು ಮೂವತ್ತು, ಮೇಲೆ ಹೇಳಿದ ಚೌಕಟ್ಟುಗಳು ಆರಿದ್ದರೆ ಅವುಗಳಿಂದ ಮೂವತ್ತೈದು ನಲವತ್ತು. ಒಂದೊಂದೂ ಅಂದಾಜೇ ಆದರೂ ಮೊತ್ತವು ಹತ್ತಿರಕ್ಕೆ ಬಂದಿತು. ಪುಸ್ತಕಗಳು ತುಂಬಿದ ಕಪಾಟು ಹೀರುವುದು ಸ್ವಲ್ಪವಾದರೂ ಧ್ವನಿಯನ್ನು ಒಂದೇ ಕಡೆಗೆ ತಿರುಗಿಸದೆ ಚದುರಿಸುವುದು. ಕೇಳುವವರ ಬೆನ್ನ ಹಿಂದಿನ ಗೋಡೆಗೆ ಅದು ಒಳ್ಳೆಯ ಅಲಂಕಾರ.

ಇಷ್ಟೆಲ್ಲ ಮಾಡಿದರೂ ಮೃದಂಗದ ಮೊಳಗು ತಗ್ಗುವುದಿಲ್ಲ. ಏಕೆಂದರೆ ಮಂದ್ರಧ್ವನಿಯ ಸ್ವಭಾವವೇ ಬೇರೆ. ಶಬ್ದವು ಸೆಕೆಂಡಿಗೆ ಸುಮಾರು ೧,೧೩೦ ಅಡಿ ಓಡುವುದು. ಸೆಕೆಂಡಿಗೆ ೧,೦೦೦ ಕಂಪನಗಳುಳ್ಳ ಧ್ವನಿಯ ಅಲೆಯು ಒಂದಡಿಗಿಂತ ಸ್ವಲ್ಪ ಉದ್ದ. ಅದನ್ನು ಮೂರಂಗುಲದ ಹತ್ತಿಯು ಹಿಡಿಯಬಲ್ಲುದು. ೪೭ ಕಂಪನಗಳ ಅಲೆಯು ೨೪ ಅಡಿ. ಅದಕ್ಕೆ ಜಮಖಾನವೂ ಒಂದೆ, ಜೇಡರಬಲೆಯೂ ಒಂದೆ. ಅಲೆಯ ಅರ್ಧವು ಕೋಣೆಯ ಉದ್ದಕ್ಕೆ ಸರಿಯಾಗಿ ಕೂಡಿದರೆ, ತಕ್ಕ ಕಾಲಕ್ಕೆ ತಳ್ಳಿದ ಉಯ್ಯಾಲೆಯಂತೆ ಆ ಧ್ವನಿಯು ಬೆಳೆಯುತ್ತಾ ಹೋಗುವುದು. ೧೨ ಅಡಿಯ ಕೋಣೆಗೆ ಆ ಸಂಖ್ಯೆ ೪೭. ಉದ್ದ ಅಗಲಗಳೆರಡೂ ೧೨ ಅಡಿಯೇ ಆಗಿರುವುದರಿಂದ ಒಂದೇ ಉಯ್ಯಾಲೆಯನ್ನು ಇಬ್ಬರು ತಳ್ಳಿದಂತಾಯಿತು. ಎತ್ತರದಿಂದ ೫೬, ಓರೆಯಾಗಿ ಸುತ್ತುವ ಅಲೆಗಳಿಂದ ೬೭, ೭೩. ಗಂಡುಶ್ರುತಿಯ ತಂಬೂರಿಯ ಮಂದ್ರ ಷಡ್ಜವೂ ಮೃದಂಗದ ಎಡಮುಖದ ನಾದವೂ ಈ ಆಸುಪಾಸಿನವೇ. ಹೊಸದಾಗಿ ಮನೆ ಕಟ್ಟಿಸುವವರು ಉದ್ದ, ಅಗಲ, ಎತ್ತರಗಳು ಒಂದಕ್ಕೊಂದು ಸಮನಾಗದಂತೆ ನೋಡಿಕೊಂಡರೆ ಈ ತೊಂದರೆಯು ಅರ್ಧ ತಪ್ಪುವುದು.

ಇಲ್ಲಿಯೇ ಪರದೇಶದ ಪುಸ್ತಕಗಳು ನಮ್ಮವರನ್ನು ದಾರಿ ತಪ್ಪಿಸುವುದು. ಅಮೆರಿಕದ ಮನೆಗಳಲ್ಲಿ ಹೆಚ್ಚಿನವು ಮರದ ಚೌಕಟ್ಟಿಗೆ ತೆಳುವಾದ ಜಿಪ್ಸಂ ಹಲಗೆಗಳನ್ನು ಬಡಿದು ಮಾಡಿದವು. ಆ ಗೋಡೆಗಳು ಮಂದ್ರಧ್ವನಿಗೆ ತಾವೇ ನಡುಗಿ ಅದರ ಶಕ್ತಿಯನ್ನು ಹೀರಿಬಿಡುವುವು. ಇಟ್ಟಿಗೆ ಕಾಂಕ್ರೀಟುಗಳ ನಮ್ಮ ಗೋಡೆಗಳು ಅಲುಗುವುದಿಲ್ಲ. ಅಲ್ಲಿನವರು ಮಂದ್ರವನ್ನು ಹೆಚ್ಚಿಸುವ ಉಪಾಯಗಳನ್ನು ಹೇಳಿದರೆ ನಾವು ತಗ್ಗಿಸುವುದನ್ನು ಹುಡುಕಬೇಕು. ನಮ್ಮ ಹಿಂದಿನ ತೊಟ್ಟಿಯ ಮನೆಗಳಲ್ಲಿ ಈ ಮೊಳಗು ಇರಲಿಲ್ಲ. ತೊಟ್ಟಿಯೆಂದರೆ ಆಕಾಶಕ್ಕೆ ತೆರೆದ ಒಂದು ದೊಡ್ಡ ಕಿಟಕಿಯಲ್ಲವೆ?

ಮಂದ್ರವು ಗೋಡೆಗಳ ಹತ್ತಿರ ಅತಿ ಪ್ರಬಲ, ಮೂಲೆಯಲ್ಲಿ ಇನ್ನೂ ಪ್ರಬಲ. ಕೋಣೆಯ ನಟ್ಟನಡುವೆ ಅತಿ ಕ್ಷೀಣ. ಸೋಫಾವನ್ನು ಗೋಡೆಗೆ ಒತ್ತಿ ಕುಳಿತವರು ಮೊಳಗಿನ ಮಡಿಲಲ್ಲಿಯೇ ಕುಳಿತಂತೆ. ಬೆನ್ನ ಹಿಂದೆ ೫ ಅಡಿ ಬಿಡಬೇಕೆಂದುದು ಈ ಕಾರಣದಿಂದ. ಸ್ಪೀಕರುಗಳನ್ನು ಮೂಲೆಯಿಂದ ಹೊರಗೆ ತಂದುದಕ್ಕೂ ಕಾರಣ ಇದೇ. ಸ್ಪೀಕರಿನ ಪೆಟ್ಟಿಗೆಯಲ್ಲಿ ದುಂಡಾದ ಒಂದು ರಂಧ್ರವಿದ್ದರೆ ಅದಕ್ಕೆ ಒಂದು ಕಾಲುಚೀಲವನ್ನು ಸುತ್ತಿ ತುರುಕಿ ನೋಡಬಹುದು. ಮಂದ್ರವು ಹಿಡಿತಕ್ಕೆ ಬರುವುದು. ಹಾಸಿಗೆ ದಿಂಬುಗಳನ್ನು ಸುತ್ತಿ ಮೂಲೆಯಲ್ಲಿ ಒಟ್ಟುವ ಹಳೆಯ ಪದ್ಧತಿಯಿಂದ ಅಲ್ಪ ಸ್ವಲ್ಪ ಸಹಾಯವುಂಟು, ಹೆಚ್ಚಿನದನ್ನು ನಿರೀಕ್ಷಿಸಬಾರದು. ಧ್ವನಿಗ್ರಾಹಕವನ್ನು ಇಟ್ಟು ಕೋಣೆಯನ್ನು ಅಳೆದು ತಾನೇ ತಿದ್ದಿಕೊಳ್ಳುವ ಯಂತ್ರಗಳು ಈಗ ಬಂದಿವೆ. ಉಬ್ಬಿದ ಮಂದ್ರವನ್ನು ತಗ್ಗಿಸುವುದರಲ್ಲಿ ಅವು ನಿಜವಾಗಿಯೂ ಸಮರ್ಥ. ಗೋಡೆಗಳಿಂದ ಈಗಾಗಲೇ ಹಿಂದಿರುಗಿದ ಧ್ವನಿಯನ್ನು ಅಳಿಸುವ ಶಕ್ತಿ ಅವಕ್ಕಿಲ್ಲ. ಆದುದರಿಂದ ಹತ್ತಿ ಕಂಬಳಿಗಳ ಕೆಲಸ ಮುಗಿದ ಮೇಲೆಯೇ ಅವುಗಳ ಕಡೆಗೆ ನೋಡುವುದು ಲೇಸು.

ಮಲೆನಾಡು ಮತ್ತು ಕರಾವಳಿಯ ಓದುಗರಿಗೆ ಒಂದು ಎಚ್ಚರಿಕೆ. ಆಷಾಢ ಶ್ರಾವಣಗಳಲ್ಲಿ ಗೋಡೆಗೆ ತಗುಲಿಸಿದ ಬಟ್ಟೆ ಹತ್ತಿಗಳು ಬೂಷ್ಟು ಹಿಡಿಯುವುವು. ಎರಡಂಗುಲದ ತೆರಪು ಬಿಟ್ಟರೆ ಗಾಳಿಯಾಡಿ ಅದೂ ತಪ್ಪುವುದು. ಬಿಸಿಲು ಬಿದ್ದ ದಿನ ಚೌಕಟ್ಟುಗಳನ್ನು ಇಳಿಸಿ ಹೊರಗಿಟ್ಟು, ಹಾಸಿಗೆಯನ್ನು ಬಡಿಯುವಂತೆ ಬಡಿದು ಧೂಳು ತೆಗೆಯಬೇಕು. ಮನೆಯಲ್ಲಿ ಉಬ್ಬಸದವರಿದ್ದರೆ ಇದನ್ನು ಮರೆಯಕೂಡದು. ಬಾಡಿಗೆಯ ಮನೆಯಲ್ಲಿರುವವರಿಗೆ ಗೋಡೆಗೆ ಮೊಳೆ ಹೊಡೆಯುವ ಸ್ವಾತಂತ್ರ್ಯವಿರುವುದಿಲ್ಲ. ಅಂತಹವರು ಎರಡೆರಡು ಚೌಕಟ್ಟುಗಳನ್ನು ಬಿಜಾಗರಿಯಿಂದ ಜೋಡಿಸಿ, ಮಡಿಸುವ ತಟ್ಟಿಯಂತೆ ನೆಲದ ಮೇಲೆಯೇ ನಿಲ್ಲಿಸಬಹುದು. ಕೇಳುವಾಗ ಕನ್ನಡಿಯಿಂದ ಗುರುತಿಸಿದ ಸ್ಥಳಕ್ಕೆ ತಂದು, ಆದ ಮೇಲೆ ಮಡಿಸಿ ಮಂಚದ ಹಿಂದೆ ಸರಿಸಿದರೆ ಆಯಿತು. ಮನೆ ಬದಲಾಯಿಸುವಾಗ ಗಾಡಿಯಲ್ಲಿ ಹೆಚ್ಚು ಜಾಗವನ್ನೂ ಹಿಡಿಯುವುದಿಲ್ಲ.